168 ಜನ ಸೇರಿ ಒಂದು ಸಾಮ್ರಾಜ್ಯ ಬೀಳಿಸಿದ್ದು ಹೇಗೆ? ಮಾಯಾ, ಇಂಕಾ, ಅಜ್ಟೆಕ್ ಬಗ್ಗೆ ಗೊತ್ತಿದ್ದವರು ಹೇಳಿ

ಬಯಲುಸೀಮೆಯವ:
ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿದಳು. ಪೆರುವಿನಲ್ಲಿ ಸ್ಪೇನಿನ ಪಿಸಾರೋ ಅನ್ನುವವನು ಬರೀ 168 ಜನರನ್ನು ಕಟ್ಟಿಕೊಂಡು ಹೋಗಿ ಇಂಕಾ ರಾಜನನ್ನೇ ಹಿಡಿದು ಹಾಕಿದನಂತೆ, ಅದು ಹೇಗೆ ಅಪ್ಪಾ ಅಂತ. ಅವರ ಹತ್ತಿರ ಬಂದೂಕು ಇತ್ತಮ್ಮಾ ಅಂದೆ. 'ಎಷ್ಟು ಬಂದೂಕು?' ಅಂದಳು. ಇನ್ನೊಂದು ಸೌಟು ಸಾರು ಹಾಕಿಕೊಂಡು ಸುಮ್ಮನಾದೆ.

ನನಗೂ ಯಾವಾಗಲೂ ಗೊಂದಲವೇ. ಎಲ್ಲರೂ ಮಾಯಾ ಇಂಕಾ ಅಜ್ಟೆಕ್ ಅಂತ ಒಂದೇ ಉಸಿರಲ್ಲಿ ಹೇಳುತ್ತಾರೆ, ಮೂವರು ಅಣ್ಣತಮ್ಮಂದಿರ ಥರ. ಅಕ್ಕಪಕ್ಕದವರಾ? ಒಬ್ಬರಿಗೊಬ್ಬರು ಗೊತ್ತಿತ್ತಾ? ಬಿದ್ದಿದ್ದು ಯಾಕೆ? ಇಲ್ಲಿ ಮೇಷ್ಟ್ರು ಇದ್ದಾರೆ, ಮೆಕ್ಸಿಕೋದಲ್ಲಿ ಇದ್ದು ಬಂದವರೂ ಒಬ್ಬರಿದ್ದಾರೆ ಅಂತ ನೆನಪು. ಗೂಗಲ್ ಮಾಡಿ ಅಂತ ಮಾತ್ರ ಹೇಳಬೇಡಿ, ಮಾಡಿ ಸುಸ್ತಾಗಿಯೇ ಇಲ್ಲಿಗೆ ಬಂದಿದ್ದು.

ಮೈಸೂರು ಮೇಷ್ಟ್ರು:
ಬಂದೂಕು ಹತ್ತು ಹನ್ನೆರಡು ಇದ್ದವು ಅಂತ ಮಗಳಿಗೆ ಹೇಳಿ. ಅಷ್ಟೇ. ಅದೂ ಬತ್ತಿ ಹಚ್ಚಿ ಹೊಡೆಯುವ ಕಾಲದ್ದು, ಒಂದು ಗುಂಡು ಹಾರಿಸಿ ಮತ್ತೆ ಮದ್ದು ತುಂಬುವಷ್ಟರಲ್ಲಿ ಎದುರಿನವನು ನಡೆದುಕೊಂಡೇ ಬಂದು ತಲೆಗೆ ಕೊಡಬಹುದು. ಬಂದೂಕಿನ ಉತ್ತರ ನಿಲ್ಲುವುದಿಲ್ಲ, ಅವಳು ಅನುಮಾನಪಟ್ಟಿದ್ದು ಸರಿ.

ಮೊದಲು ಮೂವರನ್ನೂ ಬಿಡಿಸಿ ಇಡೋಣ. ಇವರು ಅಣ್ಣತಮ್ಮಂದಿರಲ್ಲ. ಮಾಯಾ ಜನ ಇದ್ದದ್ದು (ಈಗಲೂ ಇದ್ದಾರೆ, ಆ ಮಾತು ಆಮೇಲೆ) ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್, ಮೆಕ್ಸಿಕೋದ ಯುಕಟಾನ್ ಕಡೆ. ಅವರ ದೊಡ್ಡ ಊರುಗಳು ಮೆರೆದದ್ದು ಕ್ರಿ.ಶ. 250ರಿಂದ 900ರವರೆಗೆ. ಟಿಕಾಲ್ ಅನ್ನುವ ಊರಿನಲ್ಲಿ ತಾರೀಕು ಕೆತ್ತಿದ ಕೊನೆಯ ಕಲ್ಲು ನಿಂತಿದ್ದು 869ರಲ್ಲಿ. ಆಗ ನಮ್ಮಲ್ಲಿ ನೃಪತುಂಗ ಆಳುತ್ತಿದ್ದ. ಅಜ್ಟೆಕ್ ಜನ ತಮ್ಮ ರಾಜಧಾನಿ ಟೆನೊಚ್‌ಟಿಟ್ಲಾನ್ ಕಟ್ಟಲು ಶುರು ಮಾಡಿದ್ದು 1325ರಲ್ಲಿ, ಟಿಕಾಲ್ ಸುಮ್ಮನಾಗಿ ನಾಲ್ಕೂವರೆ ಶತಮಾನ ಆದ ಮೇಲೆ. ಇಂಕಾಗಳು ಇದ್ದದ್ದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ, ಅಲ್ಲಿಂದ ನಾಲ್ಕು ಸಾವಿರ ಕಿಲೋಮೀಟರಿಗೂ ಆಚೆ. ಅಜ್ಟೆಕ್‌ನವರಿಗೆ ಇಂಕಾಗಳ ಸುದ್ದಿ ಗೊತ್ತಿತ್ತು ಅನ್ನುವುದಕ್ಕೆ ಸಾಕ್ಷಿ ಏನೂ ಇಲ್ಲ.

ಅಜ್ಟೆಕ್‌ನವರು ಇನ್ನೆರಡು ಊರುಗಳ ಜೊತೆ ಸೇರಿ ಕೂಟ ಕಟ್ಟಿ ದಂಡಯಾತ್ರೆ ಶುರು ಮಾಡಿದ್ದು 1428ರಲ್ಲಿ. ಇಂಕಾಗಳ ಪಚಕೂಟಿ ಪಟ್ಟಕ್ಕೆ ಬಂದದ್ದು 1438ರಲ್ಲಿ. ಸ್ಪೇನಿನವರು ಬಂದಾಗ ಎರಡೂ ರಾಜ್ಯಗಳಿಗೆ ನೂರು ವರ್ಷ ಕೂಡ ತುಂಬಿರಲಿಲ್ಲ. ನಾವು ಪುರಾತನ ಪುರಾತನ ಅನ್ನುತ್ತೇವೆ, ಅಲ್ಲಿ ನೋಡಿದರೆ ಅಜ್ಜನ ಕಾಲದಲ್ಲಿ ಸೋತ ಊರಿನ ಮೊಮ್ಮಗ ಇನ್ನೂ ಹಲ್ಲು ಕಡಿಯುತ್ತಾ ಕಪ್ಪ ಕಟ್ಟುತ್ತಿದ್ದ. ಇದನ್ನು ಮರೆತರೆ ಮುಂದಿನದು ಒಂದೂ ಅರ್ಥ ಆಗುವುದಿಲ್ಲ.

ಈಗ 168ರ ವಿಷಯ. ಇಂಕಾ ದೊರೆ ವೈನಾ ಕಪಾಕ್ 1527ರ ಸುಮಾರಿಗೆ ಜಡ್ಡು ಬಂದು ಸತ್ತ. ಸಿಡುಬೇ ಇರಬೇಕು ಅಂತ ಬಹಳ ಜನರ ಲೆಕ್ಕ. ಸ್ಪೇನಿನವರು ಇನ್ನೂ ಬೆಟ್ಟ ಹತ್ತಿರಲಿಲ್ಲ, ಅವರು ತಂದ ರೋಗ ಮೊದಲೇ ಹತ್ತಿತ್ತು. ಪಟ್ಟಕ್ಕೆ ಆರಿಸಿದ್ದ ಮಗನೂ ಸತ್ತ. ಉಳಿದ ಇಬ್ಬರು ಮಕ್ಕಳು, ರಾಜಧಾನಿ ಕುಸ್ಕೋದಲ್ಲಿದ್ದ ಹುವಾಸ್ಕರ್ ಮತ್ತು ಉತ್ತರದಲ್ಲಿದ್ದ ಅಟಾವಾಲ್ಪ, ಹೊಡೆದಾಡಲು ಶುರು ಮಾಡಿದರು. ವರ್ಷಗಟ್ಟಲೆ ಯುದ್ಧ. ಕೊನೆಗೆ ಅಟಾವಾಲ್ಪನ ಕಡೆಯವರು ಹುವಾಸ್ಕರ್‌ನನ್ನು ಹಿಡಿದರು. ಆ ಗೆಲುವಿನ ಗುಂಗಿನಲ್ಲಿ ಅವನು ಕಹಮಾರ್ಕಾ ಊರಿನ ಹತ್ತಿರ ಬಿಸಿನೀರಿನ ಬುಗ್ಗೆಯ ಪಕ್ಕ ಬೀಡು ಬಿಟ್ಟಿದ್ದಾಗಲೇ ಈ 168 ಜನ, 62 ಕುದುರೆ ಬಂದಿದ್ದು.

1532ರ ನವೆಂಬರ್ 16. ಸಂಜೆ ಹೊತ್ತು. ಸ್ಪೇನಿನವರು ಊರಿನ ಚೌಕದ ಸುತ್ತ ಇದ್ದ ಉದ್ದನೆಯ ಕಟ್ಟಡಗಳ ಒಳಗೆ ಕುದುರೆ ಸಮೇತ ಅಡಗಿ ಕೂತಿದ್ದರು. ಅಟಾವಾಲ್ಪ ದೊಡ್ಡ ಸೈನ್ಯವನ್ನು ಹೊರಗೆ ಬಿಟ್ಟು, ಆಯುಧ ಇಲ್ಲದ ಕೆಲವು ಸಾವಿರ ಪರಿವಾರದವರ ಜೊತೆ ಪಲ್ಲಕ್ಕಿಯಲ್ಲಿ ಬಂದ. ಹೆದರುವುದು ಯಾಕೆ? ಇಡೀ ನಾಡೇ ಅವನದು. ಒಬ್ಬ ಪಾದ್ರಿ ಬಂದು ಧರ್ಮದ ಪುಸ್ತಕ ಕೊಟ್ಟ. ಇವನು ತಿರುಗಿಸಿ ನೋಡಿ ನೆಲಕ್ಕೆ ಎಸೆದ. ಫಿರಂಗಿ ಹಾರಿತು, ಕುದುರೆಗಳು ಗೆಜ್ಜೆ ಕಟ್ಟಿಕೊಂಡು ನುಗ್ಗಿದವು. ಚೌಕದಿಂದ ಹೊರಗೆ ಹೋಗಲು ಬಾಗಿಲು ಕಿರಿದು. ಪಲ್ಲಕ್ಕಿ ಹೊತ್ತವರ ಕೈ ಕತ್ತರಿಸಿದರೂ ಅವರು ಭುಜ ಕೊಟ್ಟು ನಿಂತರು, ಒಬ್ಬ ಬಿದ್ದರೆ ಇನ್ನೊಬ್ಬ ಬಂದು ಹೆಗಲು ಕೊಟ್ಟ ಅಂತ ಅಲ್ಲಿದ್ದ ಸ್ಪೇನಿನವರೇ ಬರೆದಿದ್ದಾರೆ. ಎರಡು ಗಂಟೆಯೊಳಗೆ ಮುಗಿಯಿತು. ಅದು ಯುದ್ಧ ಅಲ್ಲ, ಮೋಸದಿಂದ ಹಿಡಿದದ್ದು. ಮಿಕ್ಕಿದ್ದು ಬೆರಳಿನ ನೋವು ಇಳಿದ ಮೇಲೆ ಬರೆಯುತ್ತೇನೆ, ಅಂದರೆ ನಾಳೆ.

ಬಯಲುಸೀಮೆಯವ:
ಮೇಷ್ಟ್ರೇ, ಓದಿ ಹೇಳಿದೆ. 'ಹೊರಗಿದ್ದ ಸೈನ್ಯ ಯಾಕೆ ಬಂದು ಬಿಡಿಸಲಿಲ್ಲ?' ಅಂತ ಮುಂದಿನ ಪ್ರಶ್ನೆ ರೆಡಿ ಇದೆ.

ಗೊಜ್ಜವಲಕ್ಕಿ:
ಬಿಡಿಸಲು ಬಂದರೆ ರಾಜನ ತಲೆ ಹೋಗುತ್ತಿತ್ತು, ಅದಕ್ಕೆ. ಅಪ್ಪಣೆ ಇಲ್ಲದೆ ಕೈ ಎತ್ತುವ ಪದ್ಧತಿಯೂ ಇರಲಿಲ್ಲ. ಅಪ್ಪಣೆ ಕೊಡುವವನು ಒಳಗಿದ್ದ.

ಮೆಕ್ಸಿಕೋದಲ್ಲಿ ಇದ್ದು ಬಂದವಳು ನಾನೇ. ಯಜಮಾನರ ಕೆಲಸದ ಮೇಲೆ ಮೂರು ವರ್ಷ ಮೆಕ್ಸಿಕೋ ಸಿಟಿಯಲ್ಲಿದ್ದೆವು. ಹಾಗಾಗಿ ಅಜ್ಟೆಕ್ ಭಾಗ ನಾನು ಹೇಳುತ್ತೇನೆ, ಮೇಷ್ಟ್ರು ತಪ್ಪಿದ್ದರೆ ತಿದ್ದಲಿ.

ಆ ಊರು ನಿಂತಿರುವುದೇ ಕೆರೆಯ ಮೇಲೆ. ಟೆಸ್ಕೊಕೊ ಅನ್ನುವ ದೊಡ್ಡ ಸರೋವರದ ನಡುವಿನ ದ್ವೀಪದಲ್ಲಿ ಟೆನೊಚ್‌ಟಿಟ್ಲಾನ್ ಇತ್ತು. ದಡಕ್ಕೆ ಏರಿ ಹಾಕಿದ ದಾರಿಗಳು, ನಡುನಡುವೆ ತೆಗೆದಿಡಬಹುದಾದ ಸೇತುವೆ, ಚಪುಲ್ಟೆಪೆಕ್ ಗುಡ್ಡದಿಂದ ಕುಡಿಯುವ ನೀರಿನ ಕಾಲುವೆ. ಒಂದರಿಂದ ಎರಡು ಲಕ್ಷ ಜನ ಇದ್ದರು ಅಂತ ಅಂದಾಜು. ಊಟ ಎಲ್ಲಿಂದ ಬರುತ್ತಿತ್ತು ಅಂದರೆ ಚಿನಾಂಪಾ. ತೇಲುವ ತೋಟ ಅಂತ ಎಲ್ಲರೂ ಬರೆಯುತ್ತಾರೆ, ತೇಲುವುದಿಲ್ಲ. ಆಳ ಕಮ್ಮಿ ಇರುವ ಕಡೆ ಹೂಳು ಎತ್ತಿ ಹಾಕಿ, ಕಸಕಡ್ಡಿ ಸೇರಿಸಿ, ಅಂಚಿಗೆ ಒಂದು ಜಾತಿಯ ಮರ ನೆಟ್ಟು ಬಿಗಿ ಮಾಡಿದ ಉದ್ದನೆಯ ಮಡಿ. ನಮ್ಮಲ್ಲಿ ಬೇಸಿಗೆಯಲ್ಲಿ ಕೆರೆ ಹೂಳು ಹೊಲಕ್ಕೆ ಹೊಡೆಯುವುದಿಲ್ಲವಾ, ಅಲ್ಲಿ ಹೊಲವೇ ಕೆರೆಯೊಳಗೆ. ಶೋಚಿಮಿಲ್ಕೋದಲ್ಲಿ ಈಗಲೂ ಇವೆ. ನಾನು ದೋಣಿಯಲ್ಲಿ ಹೋಗಿ ನೋಡಿದಾಗ ಒಬ್ಬರು ಕೋಲಿಗೆ ಕಟ್ಟಿದ ಚೀಲದಲ್ಲಿ ಕರೀ ಕೆಸರು ಎತ್ತಿ ಮಡಿಯ ಮೇಲೆ ಸುರಿದು, ಅದು ಸ್ವಲ್ಪ ಆರಿದ ಮೇಲೆ ಚಾಕುವಿನಲ್ಲಿ ಸೋನ್‌ಪಾಪ್ಡಿ ಥರ ಚೌಕ ಚೌಕ ಕತ್ತರಿಸಿ, ಒಂದೊಂದು ಚೌಕಕ್ಕೂ ಬೆರಳಲ್ಲಿ ಗುಳಿ ಮಾಡಿ ಬೀಜ ಹಾಕುತ್ತಿದ್ದರು. ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ದೋಣಿಯವನು ಬೇಜಾರು ಮಾಡಿಕೊಂಡ.

ಬಿದ್ದ ಕಥೆಗೆ ಬರುತ್ತೇನೆ. ಸ್ಪೇನಿನ ದಂಡಿನ ನಾಯಕ ಕೋರ್ಟೆಸ್ ಬಂದಿದ್ದು 1519ರಲ್ಲಿ. ಆದರೆ ಅವನು ಒಂಟಿಯಾಗಿ ಗೆದ್ದ ಅನ್ನುವುದು ಅವನ ಕಡೆಯವರು ಕಟ್ಟಿದ ಕಥೆ. ಪಕ್ಕದಲ್ಲೇ ಟ್ಲಾಸ್ಕಾಲಾ ಅಂತ ಒಂದು ನಾಡು ಇತ್ತು, ಅಜ್ಟೆಕ್‌ಗೆ ತಲೆ ಬಾಗಿರಲಿಲ್ಲ. ಅವರನ್ನು ಸುತ್ತುಗಟ್ಟಿ ಉಪ್ಪು ಕೂಡ ಸಿಗದ ಹಾಗೆ ಮಾಡಿದ್ದರು. ಉಪ್ಪಿಲ್ಲದೆ ದಶಕಗಟ್ಟಲೆ ಬದುಕಿದವರ ಸಿಟ್ಟು ಎಷ್ಟಿರಬಹುದು ಯೋಚಿಸಿ. ಅವರು ಮೊದಲು ಕೋರ್ಟೆಸ್ ಜೊತೆಗೂ ಹೊಡೆದಾಡಿದರು, ಆಮೇಲೆ ಲೆಕ್ಕ ಹಾಕಿ ಕೈ ಜೋಡಿಸಿದರು. 1521ರ ಮುತ್ತಿಗೆಯಲ್ಲಿ ಸ್ಪೇನಿನವರು ಸಾವಿರದ ಒಳಗೆ, ಜೊತೆಗಿದ್ದ ಸ್ಥಳೀಯರು ಹತ್ತಾರು ಸಾವಿರ. ಕೆರೆಯಲ್ಲಿ ಕಾದಾಡಲು 13 ಹಡಗು ಬೇಕಾಗಿತ್ತು. ಅವನ್ನು ಟ್ಲಾಸ್ಕಾಲಾದಲ್ಲಿ ಮಾಡಿ, ಬಿಚ್ಚಿ, ಹಲಗೆ ಹಲಗೆಯಾಗಿ ಬೆಟ್ಟ ದಾಟಿಸಿ ಹೊತ್ತು ತಂದವರೂ ಟ್ಲಾಸ್ಕಾಲಾದವರೇ. ಹೀಗಿರುವಾಗ ಇದನ್ನು 'ಸ್ಪೇನಿನ ಗೆಲುವು' ಅನ್ನುವುದು ಅರ್ಧ ಸತ್ಯ.

ಅದಕ್ಕೂ ಮೊದಲು, 1520ರ ಜೂನ್ 30ರ ರಾತ್ರಿ, ಊರಿನವರು ಸ್ಪೇನಿನವರನ್ನು ಹೊಡೆದು ಓಡಿಸಿದ್ದರು. ಮಳೆ, ಕತ್ತಲೆ, ದೋಚಿದ ಬಂಗಾರ ಹೊತ್ತು ಓಡಲಾಗದೆ ಎಷ್ಟೋ ಸೈನಿಕರು ಕೆರೆಗೆ ಬಿದ್ದು ಸತ್ತರು. ಆದರೆ ಅದೇ ವರ್ಷ ಸಿಡುಬು ಊರಿನೊಳಗೆ ಬಂತು. ಅಜ್ಟೆಕ್ ದೊರೆ ಮೊಕ್ಟೆಸುಮಾ ಸತ್ತ ಮೇಲೆ ಪಟ್ಟಕ್ಕೆ ಬಂದ ಕ್ವಿಟ್ಲಾವಾಕ್ ಎಂಬತ್ತೇ ದಿನ ಆಳಿ ಸಿಡುಬಿಗೆ ಹೋದ. ಅಡುಗೆ ಮಾಡಿ ಹಾಕುವವರೂ ಮಲಗಿದ್ದರಿಂದ ಹಸಿವಿನಿಂದಲೂ ಜನ ಸತ್ತರು ಅಂತ ಆಮೇಲೆ ಅಜ್ಟೆಕ್‌ನವರ ನಾವಾಟಲ್ ಭಾಷೆಯಲ್ಲಿ ಬರೆಸಿದ ದಾಖಲೆಯಲ್ಲಿದೆ. 1521ರ ಮೇ ಕೊನೆಯಲ್ಲಿ ಮುತ್ತಿಗೆ, ಕುಡಿಯುವ ನೀರಿನ ಕಾಲುವೆ ಒಡೆದರು. ಆಗಸ್ಟ್ 13ಕ್ಕೆ ಕೊನೆಯ ದೊರೆ ಕ್ವಾವ್ಟೆಮೋಕ್ ದೋಣಿಯಲ್ಲಿ ಸಿಕ್ಕಿಬಿದ್ದ.

ಒಗ್ಗರಣೆ ರಾಜ:
ಅಕ್ಕಾ ಎಲ್ಲಾ ಸರಿ, ಆದರೆ ದಿನಾ ನರಬಲಿ ಕೊಡುತ್ತಿದ್ದ ಜನಕ್ಕೆ ಇಷ್ಟೊಂದು ಅನುಕಂಪ ಯಾಕೆ? ಒಂದೇ ಸಮಾರಂಭದಲ್ಲಿ 80 ಸಾವಿರ ಜನರ ಎದೆ ಸೀಳಿದರಂತೆ.

ಮೈಸೂರು ಮೇಷ್ಟ್ರು:
ಅನುಕಂಪ ಅಲ್ಲ ರಾಜಣ್ಣ, ಲೆಕ್ಕ. ನರಬಲಿ ಇತ್ತು, ಅನುಮಾನವೇ ಬೇಡ. 2015ರಲ್ಲಿ ಮೆಕ್ಸಿಕೋ ಸಿಟಿಯ ಹಳೇ ಕಟ್ಟಡಗಳ ಕೆಳಗೆ ತಲೆಬುರುಡೆ ಜೋಡಿಸಿದ ಗೋಪುರವೇ ಸಿಕ್ಕಿತು, ಇಲ್ಲಿವರೆಗೆ ಆರುನೂರಕ್ಕೂ ಹೆಚ್ಚು ಬುರುಡೆ ಎಣಿಸಿದ್ದಾರೆ. ಹೆಂಗಸರದ್ದು, ಮಕ್ಕಳದ್ದೂ ಇವೆ. ಇದನ್ನು ಮುಚ್ಚಿಡುವವರು ಸುಳ್ಳು ಹೇಳುತ್ತಾರೆ. ಆದರೆ ನೀವು ಹೇಳಿದ 80 ಸಾವಿರ, 1487ರ ದೇವಸ್ಥಾನದ ಪ್ರತಿಷ್ಠೆಯ ಬಗ್ಗೆ ಸ್ಪೇನಿನ ಕಾಲದಲ್ಲಿ ಬರೆದಿಟ್ಟ ಸಂಖ್ಯೆ. ನಾಲ್ಕು ದಿನದಲ್ಲಿ 80 ಸಾವಿರ ಅಂದರೆ ಹಗಲು ರಾತ್ರಿ ಎಡೆಬಿಡದೆ ನಿಮಿಷಕ್ಕೆ ಹದಿನಾಲ್ಕು. ಮಟನ್ ಅಂಗಡಿಯವರನ್ನು ಕೇಳಿ ನೋಡಿ, ಆಗುತ್ತಾ ಅಂತ. ಗೆದ್ದವನಿಗೆ ಸೋತವನು ರಾಕ್ಷಸ ಆಗಿದ್ದಷ್ಟೂ ಒಳ್ಳೆಯದು. ಅದೇ ಕಾಲದಲ್ಲಿ ಯೂರೋಪಿನಲ್ಲಿ ಜನರನ್ನು ಕಂಬಕ್ಕೆ ಕಟ್ಟಿ ಸುಡುತ್ತಿದ್ದರು ಅನ್ನುವುದೂ ಜೊತೆಗೆ ಇರಲಿ.

ಮತ್ತೆ ಕೋರ್ಟೆಸ್ ಅಲ್ಲಿ ಒದೆ ತಿನ್ನುತ್ತಿದ್ದ 1520ರಲ್ಲೇ ಇಲ್ಲಿ ಕೃಷ್ಣದೇವರಾಯ ರಾಯಚೂರಿನಲ್ಲಿ ಯುದ್ಧ ಮಾಡುತ್ತಿದ್ದ. ಇಲ್ಲಿಯೂ ಪೋರ್ಚುಗೀಸ್ ಬಂದೂಕಿನವರು ಇದ್ದರು, ಆದರೆ ರಾಯರ ಕಡೆ ಕೂಲಿಗೆ.

ಒಗ್ಗರಣೆ ರಾಜ:
ಮೇಷ್ಟ್ರು ಯಾವ ದೇಶಕ್ಕೆ ಹೋದರೂ ಹಂಪಿ ಬಸ್ಸು ಹಿಡಿದೇ ವಾಪಸ್ ಬರುವುದು 😄

ಸತ್ಯಾನ್ವೇಷಿ_11:
ಮಾಯಾ ಅಂದರೆ ಮಯಾಸುರ. ಇದು ಯಾಕೆ ಯಾರೂ ಹೇಳುತ್ತಿಲ್ಲ? ಪಾಂಡವರ ಸಭೆ ಕಟ್ಟಿದ ಶಿಲ್ಪಿ ಪಾತಾಳಕ್ಕೆ ಹೋದ, ಪಾತಾಳ ಅಂದರೆ ಅಮೆರಿಕ. ಸೋಮನಾಥಪುರದ ದೇವಸ್ಥಾನದಲ್ಲಿ ವಿಗ್ರಹದ ಕೈಯಲ್ಲಿ ಮೆಕ್ಕೆಜೋಳದ ತೆನೆ ಇದೆ. ಮೆಕ್ಕೆಜೋಳ ಅಮೆರಿಕದ ಬೆಳೆ. ಇನ್ನೇನು ಸಾಕ್ಷಿ ಬೇಕು?

ಕಲ್ಲುಕುಟಿಗ:
ಸೋಮನಾಥಪುರದ ಮಾತು ಬಂತಲ್ಲ, ಅದಕ್ಕೆ ನಾನು ಬರಲೇಬೇಕು. ಶಿಲ್ಪದ ಕೆಲಸ ನಮ್ಮ ಮನೆತನದ್ದು, ಆ ಗುಡಿಗೆ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇನೆ. ಆ ತೆನೆಯ ವಾದ ಹೊಸದಲ್ಲ, 1989ರಲ್ಲಿ ಅಮೆರಿಕದ ಒಬ್ಬ ಪ್ರೊಫೆಸರ್ ಎತ್ತಿದ್ದು. ನೋಡಿದರೆ ಹೌದು ಅನ್ನಿಸುತ್ತದೆ, ಸುಳ್ಳು ಹೇಳಲ್ಲ. ಸಾಲು ಸಾಲು ಕಾಳು. ಆದರೆ ನಮ್ಮ ಬೆಳೆ ವಿಜ್ಞಾನಿಗಳು ಅದು ಮುಕ್ತಾಫಲ, ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು ಅಂದರು. ನನಗೂ ಅದೇ ಸರಿ ಕಾಣುತ್ತದೆ. ಹೊಯ್ಸಳರ ಶಿಲ್ಪಿಗೆ ಜಾಗ ಸಿಕ್ಕಲ್ಲೆಲ್ಲಾ ಮಣಿ ಪೋಣಿಸುವ ಚಟ, ಕಿರೀಟ ನೋಡಿ, ಸೊಂಟದ ಪಟ್ಟಿ ನೋಡಿ, ಅಲ್ಲೂ ಅದೇ ಕಾಳು. ಮೆಕ್ಕೆಜೋಳ 13ನೇ ಶತಮಾನದಲ್ಲೇ ಇಲ್ಲಿ ಬೆಳೆದಿದ್ದರೆ ಒಂದು ಶಾಸನದಲ್ಲಾದರೂ ಅದರ ಮೇಲೆ ತೆರಿಗೆ ಹಾಕಿರುತ್ತಿದ್ದರು! ತೆರಿಗೆ ಬಿಟ್ಟ ರಾಜ ಯಾರಿದ್ದಾರೆ?

ಮಾಯಾ ಅನ್ನುವ ಹೆಸರು ಯುಕಟಾನ್‌ನ ಜನ, ಅಲ್ಲಿನ ಮಾಯಾಪಾನ್ ಅನ್ನುವ ಊರಿನ ಕಡೆಯಿಂದ ಬಂದದ್ದು. ಉಳಿದವರು ತಮ್ಮನ್ನು ಕಿಚೆ, ಕೆಕ್ಚಿ, ಸೊತ್ಸಿಲ್ ಅಂತ ಬೇರೆ ಬೇರೆ ಹೆಸರಲ್ಲೇ ಕರೆದುಕೊಳ್ಳುತ್ತಾರೆ. ಉಚ್ಚಾರ ಹೊಂದಿದ ಮಾತ್ರಕ್ಕೆ ನೆಂಟಸ್ತನ ಆಗಲ್ಲ ಸರ್.

ಆಲೂಗಡ್ಡೆ ಹಾಸನ:
ಮೆಕ್ಕೆಜೋಳ ಪುರಾತನ ಕಾಲದಲ್ಲಿ ಬಂತೋ ಇಲ್ಲವೋ, ಪೋರ್ಚುಗೀಸರ ಹಡಗಿನ ನಂತರ ಬಂದಿದ್ದೇ ನಮಗೆ ಸಾಕಾಗಿದೆ. ಮೆಣಸಿನಕಾಯಿ, ಟೊಮೆಟೊ, ಕಡಲೆಕಾಯಿ, ಪರಂಗಿ, ಸೀಬೆ, ಆಲೂಗಡ್ಡೆ, ಎಲ್ಲಾ ಆ ಕಡೆಯವು. ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಕಾಲದಲ್ಲಿ ಸಾರು ಹೇಗಿತ್ತೋ. ಬರೀ ಕಾಳುಮೆಣಸು.

ನನ್ನ ಪ್ರಶ್ನೆ ಬೇರೆ. ನಾವು ಆಲೂಗಡ್ಡೆ ಬೆಳೆಯುವವರು. ಬಿತ್ತನೆ ಗಡ್ಡೆ ಜಲಂಧರ್‌ನಿಂದ ಬರಬೇಕು, ಮೋಡ ಮುಚ್ಚಿ ಜಡಿ ಹಿಡಿದರೆ ಅಂಗಮಾರಿ, ಚೆನ್ನಾಗಿ ಬಂದರೆ ರೇಟಿಲ್ಲ. ಕಿತ್ತ ಮೇಲೆ ಎರಡು ತಿಂಗಳು ಇಡಲು ಒದ್ದಾಡುತ್ತೇವೆ. ಇಂಕಾದವರು ಗಡ್ಡೆಯನ್ನು ವರ್ಷಗಟ್ಟಲೆ ಇಡುತ್ತಿದ್ದರು ಅಂತ ಎಲ್ಲೋ ಕೇಳಿದೆ. ನಿಜವಾ? ಕೋಲ್ಡ್ ಸ್ಟೋರೇಜ್ ಇಲ್ಲದೆ?

ನೀಲಿಶಾಯಿ:
ನಿಜ ಅಣ್ಣ. ಚುನ್ಯೋ ಅನ್ನುತ್ತಾರೆ. ಕುಸ್ಕೋಗೆ ಹೋದಾಗ ತಿಂದಿದ್ದೇನೆ. (3,400 ಮೀಟರ್ ಎತ್ತರ, ಮೊದಲ ದಿನ ತಲೆನೋವಿನಲ್ಲಿ ಗೋಡೆ ಹಿಡಿದುಕೊಂಡು ನಡೆದೆ, ಕೋಕಾ ಎಲೆಯ ಕಷಾಯ ಕುಡಿದು ಮಲಗಿದೆ. ಬೆಂಗಳೂರಿನ ಎತ್ತರಕ್ಕೇ ಬೀಗುವ ನಮಗೆ ಇದು ಬೇಕಿತ್ತು.)

ಮಾಡುವ ವಿಧಾನ ಹೀಗೆ. ಜೂನ್ ಜುಲೈ ಅಲ್ಲಿ ಚಳಿಗಾಲ, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಸುಡುವ ಬಿಸಿಲು. ಸಣ್ಣ ಗಡ್ಡೆಗಳನ್ನು ಬಯಲಲ್ಲಿ ಹರಡುತ್ತಾರೆ. ರಾತ್ರಿ ಕಲ್ಲಾಗುತ್ತವೆ, ಹಗಲು ಕರಗಿ ಮೆತ್ತಗಾಗುತ್ತವೆ. ಹೀಗೆ ಕೆಲವು ರಾತ್ರಿ. ಆಮೇಲೆ ಬರಿಗಾಲಲ್ಲಿ ತುಳಿಯುತ್ತಾರೆ, ನೀರು ಪಿಚಕ್ ಅಂತ ಹೊರಗೆ, ಸಿಪ್ಪೆಯೂ ಬಿಟ್ಟುಹೋಗುತ್ತದೆ. ಮತ್ತೆ ಒಣಗಿಸಿದರೆ ಬೆಣಚುಕಲ್ಲಿನ ಥರ ಗಟ್ಟಿ, ಆದರೆ ಹಗುರವಾದ ಕರೀ ಉಂಡೆ. ವರ್ಷಗಟ್ಟಲೆ ಕೆಡುವುದಿಲ್ಲ. ಬೇಯಿಸಿದಾಗ ಒಂದು ಥರ ಮಣ್ಣಿನ ವಾಸನೆ, ಬಾಯಲ್ಲಿ ಸ್ಪಂಜು. ಇಷ್ಟ ಆಯಿತು ಅಂತ ಸುಳ್ಳು ಹೇಳಲ್ಲ. ಆದರೆ ಇದನ್ನು ಬೆಟ್ಟದ ಇಳಿಜಾರಿನ ಗಾಳಿ ಬೀಸುವ ಕಡೆ ಸಾಲು ಸಾಲು ಕಟ್ಟಿದ ಕಲ್ಲಿನ ಕಣಜಗಳಲ್ಲಿ ತುಂಬಿಡುತ್ತಿದ್ದರು. ಬರ ಬಂದರೆ, ಸೈನ್ಯ ಹೊರಟರೆ, ಅಲ್ಲಿಂದ ಊಟ.

ಇಂಕಾ ಏರಿದ್ದು ಹೇಗೆ ಅಂತ ಯಾರೂ ಮಾತಾಡಲಿಲ್ಲ ನೋಡಿ, ಬರೀ ಬಿದ್ದದ್ದೇ ಹೇಳುತ್ತಿದ್ದೀರಿ. ನನ್ನ ಲೆಕ್ಕದಲ್ಲಿ ಕತ್ತಿಗಿಂತ ಈ ಕಣಜ ಜಾಸ್ತಿ ಕೆಲಸ ಮಾಡಿತು. ಚಕ್ರದ ಗಾಡಿ ಇಲ್ಲ, ಎತ್ತು ಕುದುರೆ ಇಲ್ಲ, ಇದ್ದದ್ದು ಲಾಮಾ, ಅದು ಇಪ್ಪತ್ತೈದು ಮೂವತ್ತು ಕೆಜಿ ಹೊತ್ತರೆ ಹೆಚ್ಚು, ಜಾಸ್ತಿ ಹೇರಿದರೆ ಕೂತುಬಿಡುತ್ತದೆ. ಅಷ್ಟರಲ್ಲೇ 30 ಸಾವಿರ ಕಿಲೋಮೀಟರಿಗೂ ಮೀರಿದ ರಸ್ತೆ. ತೆರಿಗೆ ಅಂದರೆ ದುಡ್ಡಲ್ಲ, ಮೈಕೆಲಸ. ವರ್ಷಕ್ಕೆ ಇಷ್ಟು ದಿನ ರಾಜ್ಯದ ಕೆಲಸ, ಅದಕ್ಕೆ ಮಿತಾ ಅಂತ ಹೆಸರು. ಕೆಲಸ ಮಾಡಿದಷ್ಟು ದಿನ ರಾಜ್ಯವೇ ಊಟ ಹಾಕಬೇಕು, ಮೆಕ್ಕೆಜೋಳದ ಹೆಂಡ ಕೊಡಬೇಕು. ಹಾಗಂತ ರಾಮರಾಜ್ಯ ಅಲ್ಲ. ಎದುರು ಬಿದ್ದ ಊರನ್ನು ಬುಡಸಮೇತ ಎತ್ತಿ ಸಾವಿರ ಕಿಲೋಮೀಟರ್ ಆಚೆ ನೆಡುತ್ತಿದ್ದರು. ಅದಕ್ಕೇ ಕನ್ಯಾರಿ, ವಾಂಕಾ ಥರದ ಜನ ಸ್ಪೇನಿನವರು ಬಂದ ಕೂಡಲೇ ಅವರ ಕಡೆ ಸೇರಿದರು. ಟ್ಲಾಸ್ಕಾಲಾ ಕಥೆಯೇ ಇನ್ನೊಂದು ಸಲ.

ಬಯಲುಸೀಮೆಯವ:
ಅಟಾವಾಲ್ಪನ ಕೊನೆ ಏನಾಯಿತು?

ನೀಲಿಶಾಯಿ:
ಒಂದು ಕೋಣೆ, ಸುಮಾರು 22 ಅಡಿ ಉದ್ದ, 17 ಅಡಿ ಅಗಲ. ಕೈ ಎತ್ತಿದಷ್ಟು ಎತ್ತರಕ್ಕೆ ಒಂದು ಸಲ ಬಂಗಾರ, ಎರಡು ಸಲ ಬೆಳ್ಳಿ ತುಂಬಿಸಿ ಕೊಡುತ್ತೇನೆ, ಬಿಟ್ಟುಬಿಡಿ ಅಂದ. ತಿಂಗಳುಗಟ್ಟಲೆ ಬಂತು. ಎಲ್ಲಾ ಕರಗಿಸಿ ಗಟ್ಟಿ ಮಾಡಿದರು. ಕೈದಿಯಾಗಿದ್ದಾಗಲೇ ಅವನು ಹುವಾಸ್ಕರ್‌ನನ್ನು ಕೊಲ್ಲಿಸಿದ, ಎಲ್ಲಿ ಸ್ಪೇನಿನವರು ಅವನನ್ನು ಪಟ್ಟಕ್ಕೆ ಕೂರಿಸುತ್ತಾರೋ ಅಂತ. ಆಮೇಲೆ 1533ರ ಜುಲೈ 26ರಂದು ಅವನನ್ನೇ ಕೊಂದರು. ಬೆಂಕಿಗೆ ಹಾಕುತ್ತೇವೆ ಅಂದಾಗ ಮತ ಬದಲಿಸಲು ಒಪ್ಪಿದ, ಆಗ ಕತ್ತು ಬಿಗಿದು ಕೊಂದರು. ಯಾಕೆ ಒಪ್ಪಿದ ಅಂದರೆ, ಇಂಕಾಗಳಲ್ಲಿ ದೊರೆಯ ದೇಹ ಉಳಿಯಬೇಕು. ಸತ್ತ ದೊರೆಯನ್ನು ಒಣಗಿಸಿ ಇಟ್ಟು, ಬಟ್ಟೆ ಹಾಕಿ, ಹಬ್ಬಕ್ಕೆ ಹೊತ್ತು ತಂದು, ಊಟಕ್ಕಿಡುತ್ತಿದ್ದರು. ಅರಮನೆ, ಹೊಲ, ಆಳುಕಾಳು ಎಲ್ಲಾ ಆ ಹೆಣದ ಹೆಸರಲ್ಲೇ. ಹೊಸ ದೊರೆಗೆ ಪಟ್ಟ ಮಾತ್ರ, ಆಸ್ತಿ ಅವನೇ ಗೆದ್ದುಕೊಳ್ಳಬೇಕು. ರಾಜ್ಯ ಅಷ್ಟು ಬೇಗ ಹಬ್ಬಿದ್ದೂ ಇದರಿಂದಲೇ, ಒಳಗೊಳಗೆ ಜಗಳ ಬೆಳೆದದ್ದೂ ಇದರಿಂದಲೇ ಅಂತ ಒಂದು ವಾದ ಇದೆ. ನನಗೆ ಒಪ್ಪಿಗೆ.

ಆದರೆ ಅಲ್ಲಿಗೆ ಮುಗಿಯಲಿಲ್ಲ. 1536ರಲ್ಲಿ ಅದೇ ರಾಜವಂಶದ ಮಾಂಕೋ ಇಂಕಾ ಕುಸ್ಕೋವನ್ನೇ ಮುತ್ತಿದ. ಸೋತ ಮೇಲೆ ಕಾಡಿನ ಕಡೆ ವಿಲ್ಕಬಂಬಾದಲ್ಲಿ ಇನ್ನೊಂದು ರಾಜ್ಯ ಕಟ್ಟಿದ. ಅದು ಬಿದ್ದದ್ದು, ಅದರ ಕೊನೆಯ ದೊರೆ ಟುಪಾಕ್ ಅಮಾರು ತಲೆ ಹೋದದ್ದು 1572ರಲ್ಲಿ. ಆ 168 ಜನರ ಕಥೆಗೂ ಇದಕ್ಕೂ ನಡುವೆ ನಲವತ್ತು ವರ್ಷ. ಪಠ್ಯದಲ್ಲಿ ಆ ನಲವತ್ತು ವರ್ಷ ಇರುವುದೇ ಇಲ್ಲ.

ಕಲ್ಲುಕುಟಿಗ:
ಮಾಯಾದವರದ್ದು ಇನ್ನೂ ಯಾರೂ ಬರೆಯಲಿಲ್ಲ, ನಾನೇ ಶುರು ಮಾಡುತ್ತೇನೆ. ಹೊಂಡುರಾಸ್‌ನ ಕೋಪಾನ್‌ನಲ್ಲಿ ಎರಡು ಕಲ್ಲಿನ ಪೀಠ ಇವೆ. ನೇರವಾಗಿ ನೋಡಿಲ್ಲ, ಫೋಟೋ ಇಟ್ಟುಕೊಂಡು ಗಂಟೆಗಟ್ಟಲೆ ನೋಡಿದ್ದೇನೆ. ಒಂದು 776ರದ್ದು. ನಾಲ್ಕು ಬದಿಯಲ್ಲಿ ನಾಲ್ಕು ನಾಲ್ಕು ಜನ, ಒಟ್ಟು ಹದಿನಾರು ದೊರೆಗಳು ಸಾಲಾಗಿ ಕೂತಿದ್ದಾರೆ, ಮೊದಲನೆಯವನು ಹದಿನಾರನೆಯವನಿಗೆ ಅಧಿಕಾರದ ಕೋಲು ಕೊಡುತ್ತಿದ್ದಾನೆ. ಇನ್ನೊಂದು 822ರದ್ದು. ಹದಿನೇಳನೆಯವನು ಆಗಲು ಹೊರಟ ಒಬ್ಬ ಅದೇ ಥರ ಮಾಡಿಸಲು ಹೋದ. ಒಂದು ಬದಿ ಕೆತ್ತನೆ ಮುಗಿದಿದೆ. ಇನ್ನೊಂದು ಬದಿ ಶುರು ಮಾಡಿ ಬಿಟ್ಟಿದ್ದಾರೆ. ಉಳಿದ ಎರಡು ಬದಿ ಖಾಲಿ. ಉಳಿ ಇಟ್ಟು ಎದ್ದು ಹೋದ ಶಿಲ್ಪಿ ಮತ್ತೆ ಬರಲೇ ಇಲ್ಲ. ನಮ್ಮ ಹಳೇಬೀಡಿನಲ್ಲೂ ಅರ್ಧ ಬಿಟ್ಟ ಕೆತ್ತನೆ ಇದೆ, ನೋಡಿದಾಗೆಲ್ಲಾ ಸಂಬಳ ಕೊಟ್ಟರೋ ಇಲ್ಲವೋ ಅನ್ನುವುದೇ ನನ್ನ ಮೊದಲ ಯೋಚನೆ.

ಮೈಸೂರು ಮೇಷ್ಟ್ರು:
ಎಂಥಾ ಉದಾಹರಣೆ ಕೊಟ್ಟಿರಿ! ಮಾಯಾ ಬಿದ್ದದ್ದು ಅಂದರೆ ಹೀಗೇ. ಹೊರಗಿನಿಂದ ಯಾರೂ ಬರಲಿಲ್ಲ. ಅದು ಒಂದು ಸಾಮ್ರಾಜ್ಯವೂ ಅಲ್ಲ, ಹತ್ತಾರು ಊರುರಾಜ್ಯಗಳು. ಟಿಕಾಲ್‌ಗೂ ಕಲಕ್ಮುಲ್‌ಗೂ ತಲೆತಲಾಂತರದ ಹಗೆ. 562ರಲ್ಲಿ ಟಿಕಾಲ್ ಸೋತಿತು, 695ರಲ್ಲಿ ತಿರುಗಿಸಿ ಹೊಡೆಯಿತು. ಆಮೇಲೆ ಸಣ್ಣಪುಟ್ಟ ಊರುಗಳೂ ಒಂದರ ಮೇಲೊಂದು ಬಿದ್ದವು. ಜೊತೆಗೆ ಬರ.

ಯುಕಟಾನ್‌ನಲ್ಲಿ ಚಿಚನ್‌ಕನಾಬ್ ಅಂತ ಒಂದು ಕೆರೆ. ಅದರ ತಳದ ಕೆಸರನ್ನು ಕೊಳವೆ ಹಾಕಿ ತೆಗೆದು ಪದರ ಪದರವಾಗಿ ನೋಡಿದರು. ನೀರು ಬತ್ತಿದ ವರ್ಷಗಳಲ್ಲಿ ಜಿಪ್ಸಮ್ ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. 800ರಿಂದ 1000ದ ನಡುವೆ ಆ ಬಿಳೀ ಪದರಗಳು ದಪ್ಪ ದಪ್ಪ. ಟಿಕಾಲ್ ಸುತ್ತ ನದಿ ಇಲ್ಲ, ಎಲ್ಲಾ ಸುಣ್ಣಕಲ್ಲು, ಮಳೆ ನೀರು ಇಂಗಿ ಹೋಗುತ್ತದೆ. ಅದಕ್ಕೆ ಊರಿನ ಅಂಗಳಗಳನ್ನೇ ಗಾರೆ ಹಾಕಿ ಓರೆ ಮಾಡಿ ಮಳೆ ನೀರು ಕೆರೆಗೆ ಬೀಳುವ ಹಾಗೆ ಮಾಡಿದ್ದರು. ಚೆಂದದ ಕೆಲಸ. ಆದರೆ ಗುಡಿಗೆ ಬಳಿದ ಕೆಂಪು ಬಣ್ಣದಲ್ಲಿ ಪಾದರಸ ಇತ್ತು. ಮಳೆಯಲ್ಲಿ ತೊಳೆದು ಅದೂ ಅರಮನೆಯ ಪಕ್ಕದ ಕೆರೆಗೇ ಸೇರಿತು. ಆ ಕೆರೆಯ ಮಣ್ಣಿನಲ್ಲಿ ಪಾದರಸವೂ ವಿಷದ ಪಾಚಿಯ ಗುರುತೂ ಸಿಕ್ಕಿವೆ. ಮಳೆ ತರಿಸುತ್ತೇನೆ ಅಂತ ದೇವರ ಪಕ್ಕ ಕೂತ ರಾಜ, ಮಳೆಯೂ ಇಲ್ಲ, ಕುಡಿಯುವ ನೀರೂ ಹಸಿರು. ಜನ ಎಷ್ಟು ದಿನ ಕಲ್ಲು ಹೊರುತ್ತಾರೆ? ಎದ್ದು ನಡೆದರು. ತಾರೀಕು ಕೆತ್ತಿದ ಕೊನೆಯ ಕಲ್ಲು ಟೊನಿನಾದ್ದು, 909. ಆಮೇಲೆ ಉತ್ತರದಲ್ಲಿ ಚಿಚೆನ್ ಇಟ್ಜಾ ಬೆಳೆಯಿತು, ಅದು ಹೋಗಿ ಮಾಯಾಪಾನ್ ಬಂತು.

ಮಾಯಾದವರ ಕೊನೆಯ ರಾಜ್ಯ ನೋಹ್‌ಪೆಟೆನ್ ಬಿದ್ದದ್ದು ಗೊತ್ತಾ? 1697ರಲ್ಲಿ. ಇಲ್ಲಿ ಚಿಕ್ಕದೇವರಾಜ ಒಡೆಯರ್ ಆಳುತ್ತಿದ್ದರು (ರಾಜಣ್ಣ, ಕ್ಷಮೆ ಇರಲಿ). ಅಂದರೆ ಮಾಯಾ ಮೊದಲೇ ಮಾಯವಾದರು ಅನ್ನುತ್ತೇವಲ್ಲ, ಮೂವರಲ್ಲಿ ಕೊನೆಯವರೆಗೆ ನಿಂತವರು ಅವರೇ.

ಒಗ್ಗರಣೆ ರಾಜ:
ಕ್ಷಮಿಸಿದ್ದೇನೆ. 2012ರಲ್ಲಿ ಪ್ರಳಯ ಅಂದವರೂ ಅವರೇ ಅಲ್ವಾ? ನಮ್ಮ ಚಿಕ್ಕಪ್ಪ ಆ ಡಿಸೆಂಬರ್‌ನಲ್ಲಿ ಚೀಟಿ ಹಣ ಕಟ್ಟಲಿಲ್ಲ.

ಮೈಸೂರು ಮೇಷ್ಟ್ರು:
ಅವರು ಅನ್ನಲಿಲ್ಲ, ಟಿವಿಯವರು ಅಂದದ್ದು. ಅವತ್ತು ಅವರ ಪಂಚಾಂಗದ ಒಂದು ದೊಡ್ಡ ಸುತ್ತು ಮುಗಿಯಿತು ಅಷ್ಟೇ, ಗಾಡಿಯ ಮೀಟರ್ ಹೊರಳಿದ ಹಾಗೆ. ಪಲೆಂಕೆ ಅನ್ನುವ ಮಾಯಾ ಊರಿನ ಗುಡಿಯ ಶಾಸನದಲ್ಲಿ ಕ್ರಿ.ಶ. 4772ರಲ್ಲಿ ಬೀಳುವ ಒಂದು ದಿನವನ್ನೂ ಲೆಕ್ಕ ಹಾಕಿ ಬರೆದಿದ್ದಾರೆ. ಚಿಕ್ಕಪ್ಪನವರು ಚೀಟಿ ಕಟ್ಟಬಹುದು. ಒಂದಕ್ಕೆ ಚುಕ್ಕೆ, ಐದಕ್ಕೆ ಗೆರೆ, ಸೊನ್ನೆಗೆ ಕಪ್ಪೆಚಿಪ್ಪಿನ ಗುರುತು. ಸೊನ್ನೆಯನ್ನು ಅವರು ತಾವಾಗಿಯೇ ಕಂಡುಕೊಂಡರು.

ಹೊಟ್ಟೆ ಉರಿಯುವುದು ಪುಸ್ತಕಗಳ ವಿಷಯಕ್ಕೆ. 1562ರಲ್ಲಿ ಮಾನಿ ಅನ್ನುವ ಊರಲ್ಲಿ ದಿಯೆಗೋ ದೆ ಲಾಂಡಾ ಅನ್ನುವ ಪಾದ್ರಿ ಅವರ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟ. ಇಡೀ ಮಾಯಾ ನಾಡಿನದು ಇವತ್ತು ಉಳಿದಿರುವುದು ನಾಲ್ಕು. ತಮಾಷೆ ಅಂದರೆ ಅದೇ ಲಾಂಡಾ ಒಂದು ಅಕ್ಷರಮಾಲೆ ಬರೆದಿಟ್ಟಿದ್ದ, ಅರ್ಧ ತಪ್ಪು. 1952ರಲ್ಲಿ ರಷ್ಯಾದ ಯೂರಿ ಕ್ನೊರೊಜೊವ್ ಅದನ್ನೇ ಬೀಗದ ಕೈ ಮಾಡಿಕೊಂಡು ಲಿಪಿ ಓದುವ ದಾರಿ ತೆರೆದ. ಆಗ ಅವನು ಮಾಯಾ ನಾಡನ್ನು ಕಣ್ಣಲ್ಲಿ ಕಂಡೂ ಇರಲಿಲ್ಲ.

ಗೊಜ್ಜವಲಕ್ಕಿ:
ಇಂಕಾದವರಿಗೆ ಬರಹವೇ ಇರಲಿಲ್ಲ ಅನ್ನುತ್ತಾರಲ್ಲ, ಆ ಗಂಟು ಹಾಕಿದ ದಾರಗಳು?

ನೀಲಿಶಾಯಿ:
ಕೀಪು. ಒಂದು ದಪ್ಪ ದಾರ, ಅದರಿಂದ ಇಳಿಬಿದ್ದ ಸಣ್ಣ ದಾರಗಳು, ಗಂಟುಗಳು. ಬಿಡಿ, ಹತ್ತು, ನೂರು, ಒಂದೊಂದಕ್ಕೂ ಒಂದೊಂದು ಎತ್ತರದ ಜಾಗ. ಗಂಟಿಲ್ಲದ ಜಾಗ ಸೊನ್ನೆ. ಲೆಕ್ಕ ಓದಲು ಬರುತ್ತದೆ. ಕಥೆ, ಹೆಸರು ಹೇಳುವ ಕೀಪುಗಳೂ ಇದ್ದವು ಅಂತ ಹಳಬರು ಬರೆದಿದ್ದಾರೆ, ಅವನ್ನು ಇನ್ನೂ ಯಾರೂ ಬಿಡಿಸಿಲ್ಲ.

ಬಯಲುಸೀಮೆಯವ:
ಎಲ್ಲಾ ಓದಿಸಿದೆ. ಮೇಷ್ಟ್ರೇ, ನೀವು 'ಈಗಲೂ ಇದ್ದಾರೆ' ಅಂದು ಹಾಗೇ ಬಿಟ್ಟಿದ್ದೀರಿ, ಅದನ್ನು ಹಿಡಿದುಕೊಂಡಿದ್ದಾಳೆ.

ಮೈಸೂರು ಮೇಷ್ಟ್ರು:
ಮಾಯಾ ಭಾಷೆಗಳು ಸುಮಾರು ಮೂವತ್ತು, ಮಾತಾಡುವವರು 60 ಲಕ್ಷದ ಆಚೀಚೆ. ಅಜ್ಟೆಕ್‌ನವರ ನಾವಾಟಲ್ ಮಾತಾಡುವವರು 15 ಲಕ್ಷಕ್ಕೂ ಹೆಚ್ಚು. ಟೊಮೆಟೊ, ಚಾಕೊಲೇಟ್ ಆ ಭಾಷೆಯ ಕಡೆಯಿಂದ ಬಂದ ಮಾತುಗಳು, ನೀವೂ ದಿನಾ ಸ್ವಲ್ಪ ನಾವಾಟಲ್ ಮಾತಾಡುತ್ತೀರಿ. ಇಂಕಾದವರ ಕೆಚುವಾ ಇನ್ನೂ ದೊಡ್ಡದು, ಬಹಳ ಲಕ್ಷ.

ನೀಲಿಶಾಯಿ:
ಮಗಳಿಗೆ ಕೇಸ್ವಾಚಾಕಾ ಸೇತುವೆಯ ವಿಡಿಯೋ ತೋರಿಸಿ. ಕುಸ್ಕೋ ಹತ್ತಿರ ಅಪುರಿಮಾಕ್ ನದಿಯ ಮೇಲೆ ಹುಲ್ಲಿನ ಹಗ್ಗದ ತೂಗುಸೇತುವೆ, ಇಂಕಾ ಕಾಲದ ಪದ್ಧತಿ. ಪ್ರತಿ ಜೂನ್‌ನಲ್ಲಿ ಸುತ್ತಲ ನಾಲ್ಕು ಊರಿನವರು ಸೇರಿ ಹಳೆಯದನ್ನು ಕಡಿದು ನದಿಗೆ ಬಿಟ್ಟು ಹೊಸದು ಕಟ್ಟುತ್ತಾರೆ. ಹೆಂಗಸರು ಸಣ್ಣ ಹಗ್ಗ ಹೊಸೆಯುತ್ತಾರೆ, ಗಂಡಸರು ಅವನ್ನು ಸೇರಿಸಿ ತೊಡೆ ದಪ್ಪದ ಹಗ್ಗ ಹೆಣೆಯುತ್ತಾರೆ. ಕೊರೋನಾ ಟೈಮಲ್ಲಿ ಒಂದು ವರ್ಷ ಕಟ್ಟಲಾಗಲಿಲ್ಲ, 2021ರ ಮಾರ್ಚ್‌ನಲ್ಲಿ ಕುಸಿದು ಬಿತ್ತು. ಜೂನ್‌ಗೆ ಮತ್ತೆ ಕಟ್ಟಿದರು.

ಆಲೂಗಡ್ಡೆ ಹಾಸನ:
ವರದಿ: ಶನಿವಾರ ಏಳು ಗಡ್ಡೆ ಫ್ರೀಜರ್‌ನಲ್ಲಿ ಇಟ್ಟೆ. ಹಗಲು ತೆಗೆದು ಟೆರೇಸ್‌ ಬಿಸಿಲಿಗೆ, ರಾತ್ರಿ ಮತ್ತೆ ಫ್ರೀಜರ್‌ಗೆ. ಮೂರು ದಿನ. ಇವತ್ತು ಬೆಳಿಗ್ಗೆ ಕಾಲು ತೊಳೆದುಕೊಂಡು ತುಳಿದೆ. ನೀರು ಬಂತು, ಸಿಪ್ಪೆಯೂ ಬಿಟ್ಟಿತು, ನೀಲಿಶಾಯಿ ಅಣ್ಣ ಹೇಳಿದ ಹಾಗೇ. ಆದರೆ ಮಧ್ಯಾಹ್ನ ಮೋಡ ಕವಿದು ಒಣಗಲಿಲ್ಲ, ಈಗ ಒಂದು ಥರ ವಾಸನೆ ಬರುತ್ತಿದೆ. ಮನೆಯವಳು ಫ್ರೀಜರ್ ತೊಳೆಯುವವರೆಗೆ ಮಾತಿಲ್ಲ ಅಂದಿದ್ದಾಳೆ. ಇದನ್ನು ಇನ್ನೊಂದು ದಿನ ಇಡಲಾ, ಎಮ್ಮೆಗೆ ಹಾಕಲಾ?